ಭಾವನ ಕೋಣೆಯ ಕೆಂಪು ಚೀಟಿಗಳು

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಹಾಜರಿ ಪುಸ್ತಕದಲ್ಲೇ ಉಳಿದುಹೋಯಿತು. ನೀರೆತ್ತುವ ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಗೇಟು ಕಾಯುವವನಿಂದ ಹಿಡಿದು ಮೇಲಿನ ಮಹಡಿಯ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವನು ಚೀಟಿಯಪ್ಪ. ಯಾವ ಯಂತ್ರದ ಮೇಲೆ ಯಾವತ್ತು ಯಾವ ಕೆಲಸ ಏರಬೇಕು ಎಂದು ಗೊತ್ತುಮಾಡಿ, ಚೀಟಿ ಬರೆದು ಹರಿದುಕೊಡುವುದು ಅವನ ಉದ್ಯೋಗ. ಬಾಗಿಲ ಮೇಲೆ ‘ಯೋಜನಾ ವಿಭಾಗ’ ಎಂದು ದೊಡ್ಡದಾಗಿ ಬರೆದಿತ್ತು. ಒಳಗೆ ಇಣುಕಿದರೆ ಯೋಜನೆಯೂ ಅವನೇ, ವಿಭಾಗವೂ ಅವನೇ. ಗೋಡೆಯ ತುಂಬ ಮೊಳೆ ಹೊಡೆದ ಹಲಗೆ, ಮೊಳೆಗೊಂದು ಚೀಟಿ. ಬೆಳಗ್ಗೆ ಬಂದವನೇ ಆ ಹಲಗೆಯ ಮುಂದೆ ನಿಂತು, ಕೈಯಲ್ಲಿದ್ದ ಚಹಾ ತಣ್ಣಗಾಗುವವರೆಗೂ ಚೀಟಿಗಳನ್ನು ಆ ಮೊಳೆಯಿಂದ ಈ ಮೊಳೆಗೆ ದಾಟಿಸುತ್ತಿದ್ದ. ಇಡೀ ಕಾರ್ಖಾನೆಗೆ ದಿನ ಗೊತ್ತುಮಾಡುವವನಿಗೆ ತನ್ನ ಮದುವೆಗೊಂದು ದಿನ ಗೊತ್ತುಮಾಡಲು ಆಗಲಿಲ್ಲವಲ್ಲ ಎಂದು ಜನ ಕಾಲೆಳೆಯುತ್ತಿದ್ದರು. ಅವನೂ ಅವರ ಜೊತೆ ಸೇರಿಕೊಂಡು ನಗುತ್ತಿದ್ದ.

ಮದುವೆಯಾಗದಿದ್ದರೂ ಅವನಿಗೆ ಮನೆಯೊಂದಿತ್ತು, ಅಕ್ಕನ ಮನೆ. ಹುಡುಗನಾಗಿದ್ದಾಗಲೇ ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ಹೋಗಿಬಿಟ್ಟರು. ಆಗಷ್ಟೇ ಮದುವೆಯಾಗಿದ್ದ ಅಕ್ಕ ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದು ಕೈಯಲ್ಲಿ ತಮ್ಮನನ್ನು ಹಿಡಿದುಕೊಂಡು ಗಂಡನ ಮನೆಯ ಬಾಗಿಲಲ್ಲಿ ನಿಂತಳು. ಗಂಡ ಎಂಬ ಆ ಮನುಷ್ಯ ಮುಖ ಗಂಟಿಕ್ಕಲಿಲ್ಲ. “ಹಸಿದಿರ್ತಾನೆ, ಮೊದಲು ಊಟಕ್ಕೆ ಹಾಕು” ಎಂದರು, ಅಷ್ಟೆ. ಓದಿಸಿದ್ದೂ ಅವರೇ, ಕೈಹಿಡಿದು ಕಾರ್ಖಾನೆಗೆ ಸೇರಿಸಿದ್ದೂ ಅವರೇ. ಇವನು ಅಲ್ಲೂ ಎಲ್ಲರೆದುರು “ಭಾವ, ಭಾವ” ಎಂದು ಹಿಂದೆ ಸುತ್ತುತ್ತಿದ್ದದ್ದು ಕೇಳಿ ಕೇಳಿ ಉಳಿದವರಿಗೂ ಅದೇ ಬಾಯಿಗೆ ಬಂತು. ವಯಸ್ಸಿನಲ್ಲಿ ಹಿರಿಯರಾದವರೂ “ಭಾವ” ಎಂದೇ ಕರೆದರು. ಒಬ್ಬ ಮನುಷ್ಯ ಇಡೀ ಕಾರ್ಖಾನೆಗೆ ಭಾವನಾದದ್ದು ಹೀಗೆ.

ಭಾವನ ರಾಜ್ಯ ಟೂಲ್ ರೂಮ್. ಉದ್ದನೆಯ ಷೆಡ್ಡಿನ ಕೊನೆಯಲ್ಲಿ, ಗಾಜು ಒಡೆದ ಕಿಟಕಿಗೆ ರಟ್ಟು ಹೊಡೆದ ಸಣ್ಣ ಕೋಣೆ. ಎರಡು ಸಾಣೆಚಕ್ರ, ಒಂದು ಹಳೇ ಲೇತ್, ಗೋಡೆಗೆ ಸಾಲಾಗಿ ನೇತುಹಾಕಿದ ಅರಗಳು. ತೂತು ಕೊರೆಯುವ ಡ್ರಿಲ್ಲಿನ ಮೊಂಡಾದ ಮೊನೆ, ಅಂದರೆ ಬಿಟ್ಟು, ಹಲ್ಲು ಮುರಿದ ಕಟರು, ಸೊಟ್ಟಗಾದ ಹಿಡಿಕೆ, ಯಂತ್ರದ ಬಾಯಿಂದ ಏನು ಕೆಟ್ಟು ಬಂದರೂ ಬಂದು ಸೇರುವುದು ಇಲ್ಲಿಗೆ. ಭಾವ ಕನ್ನಡಕ ಹಣೆಗೇರಿಸಿ, ತಂದದ್ದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಂಚು ಸವರಿ, “ನಿಂತ್ಕೋ, ಈಗಲೇ ಆಗತ್ತೆ” ಎನ್ನುತ್ತಿದ್ದರು. ನಾಳೆ ಬಾ ಎಂದು ಅವರು ಯಾರಿಗೂ ಹೇಳಿದ್ದಿಲ್ಲ. ಅವರ ಬಾಯಲ್ಲಿ ಆ ಮಾತೇ ಇರಲಿಲ್ಲ.

ಈಗ ಆ ಕೆಂಪು ಚೀಟಿಯ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾಡುವ ಕೆಲಸಕ್ಕೆ ಬಿಳಿ ಚೀಟಿ, ಕೆಟ್ಟದ್ದನ್ನು ಸರಿಮಾಡುವ ಕೆಲಸಕ್ಕೆ ಕೆಂಪು ಚೀಟಿ, ಇದು ಅಲ್ಲಿಯ ಪದ್ಧತಿ. ಕೆಂಪು ಚೀಟಿಯ ಕೊನೆಯಲ್ಲಿ ಒಂದು ಸಾಲಿತ್ತು: ‘ತಪ್ಪು ಯಾರದು’. ಅದನ್ನು ಸೇರಿಸಿದವನು ಎಂಥ ಪುಣ್ಯಾತ್ಮನೋ ಗೊತ್ತಿಲ್ಲ. ಆ ಸಾಲಿನಲ್ಲಿ ಹೆಸರು ಬಿದ್ದವರಿಗೆ ಬಡ್ತಿಯೂ ಇಲ್ಲ, ಒಳ್ಳೆಯ ಮಾತೂ ಇಲ್ಲ. ಜನ ಹಾವು ಕಂಡಷ್ಟು ಹೆದರುತ್ತಿದ್ದದ್ದು ಆ ಕೆಂಪು ಕಾಗದಕ್ಕೆ.

ಚೀಟಿಯಪ್ಪ ಕೆಲಸಕ್ಕೆ ಹೊಸಬನಾಗಿದ್ದಾಗ ಡ್ರಿಲ್ಲಿಂಗ್ ಯಂತ್ರದ ಮೇಲಿದ್ದ ಹೆಂಗಸೊಬ್ಬಳು, ಅವಳೂ ಹೊಸಬಳೇ, ಕೆಲಸ ಇನ್ನೂ ಕಾಯಂ ಆಗಿಲ್ಲ, ಒಂದು ದುಬಾರಿ ಅಚ್ಚನ್ನು ಮುರಿದುಕೊಂಡು ಅಳುತ್ತ ಟೂಲ್ ರೂಮಿಗೆ ಬಂದಳು. ಹಿಂದೆಯೇ ಇವನು ಕೆಂಪು ಚೀಟಿ ಬರೆದುಕೊಂಡು ಬಂದ. ಕೊನೆಯ ಸಾಲಿನಲ್ಲಿ ಅವಳ ಹೆಸರು. ಭಾವ ಚೀಟಿ ಓದಿದರು, ಅವಳ ಮುಖ ನೋಡಿದರು, ಇವನ ಮುಖ ನೋಡಿದರು.

“ಹರಿದು ಹಾಕು.”

“ಭಾವ, ನಿಯಮ ಇದೆ…”

“ನಿಯಮ ನಾಳೆನೂ ಇರತ್ತೆ. ಇವಳ ಕೆಲಸ ಇರಲ್ಲ. ಹರಿದು ಹಾಕು ಕಣೋ.”

ಹರಿದು ಹಾಕಿದ. ಸಂಜೆಯೊಳಗೆ ಅಚ್ಚು ಮೊದಲಿನಂತಾಯಿತು. ಅಂದಿನಿಂದ ಭಾವನ ಕೋಣೆಗೆ ಚೀಟಿಯಿಲ್ಲದೆ ಹೋಗುವುದೇ ರೂಢಿಯಾಯಿತು. ಚೀಟಿಯಪ್ಪ ಹಲಗೆಯ ಮೇಲೆ ಟೂಲ್ ರೂಮಿನ ಮೊಳೆಗಳಿಗೆ ಏನೂ ಬರೆಯದ ಖಾಲಿ ಚೀಟಿ ಸಿಕ್ಕಿಸಿ, ಆ ಹೊತ್ತನ್ನು ಇಂಥ ಕೆಲಸಗಳಿಗೆ ಬಿಟ್ಟುಕೊಡುತ್ತಿದ್ದ. ಭಾವನಿಗೆ ಮೈತುಂಬ ಕೆಲಸ, ಕಾಗದದ ಮೇಲೆ ಏನೂ ಇಲ್ಲ. ಅಳುತ್ತ ಬಂದಿದ್ದ ಆ ಹೆಂಗಸು ಮುಂದೆ ಕಾಯಂ ಆಗಿ, ಇಡೀ ಷೆಡ್ಡನ್ನು ಗದರಿಸಿ ನಡೆಸುವ ಡ್ರಿಲ್ಲಮ್ಮನಾಗಿ ಬೆಳೆದಳು. ಯಂತ್ರಗಳೂ ಅವಳ ದನಿಗೆ ಹೆದರಿ ತಿರುಗುತ್ತವೆ ಎಂದು ಚೀಟಿಯಪ್ಪ ಹೇಳುತ್ತಿದ್ದ.

ಒಂದು ವರ್ಷ ಆಡಳಿತದವರಿಗೂ ಕೆಲಸಗಾರರಿಗೂ ಜಗಳವಾಗಿ ಕಾರ್ಖಾನೆಗೆ ಬೀಗ ಬಿತ್ತು. ತಿಂಗಳುಗಟ್ಟಲೆ ತೆಗೆಯಲಿಲ್ಲ. ಉಳಿದವರು ಅಲ್ಲಿ ಇಲ್ಲಿ ಏನೋ ಮಾಡಿಕೊಂಡರು. ಭಾವ ಮಾತ್ರ ಮನೆಯ ಮುಂದಿನ ಮೆಟ್ಟಿಲ ಮೇಲೆ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತುಬಿಟ್ಟರು. ಮೊದಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ ಕಡಿಮೆಯಾಯಿತು, ಕೊನೆಕೊನೆಗೆ ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಕಾರ್ಖಾನೆ ತೆರೆದ ದಿನ ಸಾಣೆಚಕ್ರದ ಸದ್ದು ಕೇಳಿದ ಮೇಲೆಯೇ ಆ ಮುಖಕ್ಕೆ ಜೀವ ಬಂದದ್ದು. ಅವತ್ತು ಅಕ್ಕ ತಮ್ಮನನ್ನು ಅಡುಗೆಮನೆಗೆ ಕರೆದು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ನಿಮ್ಮ ಭಾವನ ಕೈ ಖಾಲಿ ಕೂರೋಕೆ ಬಿಡಬೇಡ ಕಣೋ. ನಿನ್ನ ಸಾಕಿದ್ದಕ್ಕೆ ನಾನು ಇನ್ನೇನೂ ಕೇಳಲ್ಲ.”

ಕೇಳಿದ್ದು ಅದೊಂದೇ. ಅವನು ಹೂಂ ಎಂದಿದ್ದ.

ವರ್ಷಗಳು ಉರುಳಿದವು. ಭಾವನ ಕೂದಲು ಬೆಳ್ಳಗಾಯಿತು, ನಿವೃತ್ತಿಗೆ ಇನ್ನೂ ಕೆಲವು ವರ್ಷ ಬಾಕಿ. ಅಷ್ಟರಲ್ಲಿ ಕಾರ್ಖಾನೆಯ ವ್ಯಾಪಾರ ಇಳಿಯುತ್ತ ಬಂತು. ಹೊಸ ಮ್ಯಾನೇಜರಾಗಿ ಬಂದವರು ಒಬ್ಬ ಹೆಣ್ಣುಮಗಳು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಕೆಟ್ಟವರಲ್ಲ. ದನಿಯೇರಿಸಿ ಮಾತಾಡಿದವರಲ್ಲ, ಬಂದವರನ್ನು ನಿಲ್ಲಿಸಿ ಮಾತಾಡಿದವರೂ ಅಲ್ಲ. ಕೆಟ್ಟವರೊಬ್ಬರು ಸಿಕ್ಕಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

ಮೇಡಂ ಒಂದು ಸಮಿತಿ ಮಾಡಿದರು. ಷೆಡ್ಡಿನ ಒಳಹೊರಗು ಬಲ್ಲವನೆಂದು ಚೀಟಿಯಪ್ಪನನ್ನೂ ಅದಕ್ಕೆ ಸೇರಿಸಿಕೊಂಡರು. “ಹೀಗೇ ನಡೆದ್ರೆ ಕಂಪನಿ ಬಹಳ ದಿನ ನಡೆಯಲ್ಲ. ಕೆಲಸ ಮಾಡೋ ರೀತಿನೇ ಬದಲಾಗ್ಬೇಕು. ಏನನ್ನ ಉಳಿಸ್ಕೋಬೇಕು, ಏನನ್ನ ಬಿಡಬೇಕು ಅಂತ ಅಳೆಯೋಕೆ ಒಂದು ಸಾಧನ ಬೇಕು. ಅದನ್ನ ನಾವೇ ಕೂತು ಆರಿಸೋಣ” ಎಂದರು. ಸಾಧನ ಎಂದರೆ ಸುತ್ತಿಗೆ, ಇಕ್ಕಳ ಎಂದುಕೊಂಡು ಬದುಕಿದ್ದ ಚೀಟಿಯಪ್ಪ ಕುರ್ಚಿಯ ತುದಿಯಲ್ಲಿ ಕೂತು ಕೇಳಿಸಿಕೊಂಡ.

ಹೊರಗಿನಿಂದ ಬಂದ ಸಲಹೆಗಾರ, ನಗುಮುಖದ ಮನುಷ್ಯ, ಗೋಡೆಯ ಮೇಲೆ ಮೂರು ಚಿತ್ರ ತೋರಿಸಿದ. ಒಂದು, ಇದೇ ಕೆಲಸ ಮಾಡುವ ಬೇರೆ ಕಂಪನಿಗಳ ಜೊತೆ ನಮ್ಮನ್ನು ಇಟ್ಟು ತೂಗಿ ನೋಡುವುದು. ಎರಡನೆಯದಕ್ಕೆ ಅವನು ‘ಬಿಳಿ ಹಾಳೆ’ ಎಂದ. ಈ ಕಾರ್ಖಾನೆ ಇಲ್ಲವೇ ಇಲ್ಲ ಎಂದುಕೊಂಡು ಹೊಸದಾಗಿ ಬರೆಯುವುದು. ಮೂರನೆಯದು ಅಂಕಪಟ್ಟಿ, ನಮ್ಮದೇ ಚೀಟಿಗಳನ್ನು, ನಮ್ಮದೇ ದಾಖಲೆಗಳನ್ನು ಇಟ್ಟುಕೊಂಡು ಒಂದೊಂದು ವಿಭಾಗಕ್ಕೂ ಅಂಕ ಕೊಡುವುದು. ಕಡಿಮೆ ಅಂಕ ಬಂದವರನ್ನು ಮೂರು ತಿಂಗಳು ಗಮನಿಸಿ, ಆಮೇಲೆ ಉಳಿಸುವುದೋ ಬಿಡುವುದೋ ತೀರ್ಮಾನಿಸುವುದು.

ಚೀಟಿಯಪ್ಪನಿಗೆ ಕಂಪನಿಯ ಭವಿಷ್ಯ ಕಾಣಲಿಲ್ಲ, ಕಂಡದ್ದು ರಟ್ಟು ಹೊಡೆದ ಕಿಟಕಿಯೊಂದೇ. ಬೇರೆ ಕಂಪನಿಗಳಲ್ಲಿ ಸಾಣೆಯ ಕೆಲಸವನ್ನೆಲ್ಲ ಹೊರಗೆ ಕೊಡುತ್ತಾರೆ ಎಂದು ಅವನು ಕೇಳಿದ್ದ. ಹಾಗಾಗಿ ಮೊದಲನೆಯದು ಬೇಡ. ಬಿಳಿ ಹಾಳೆಯ ಮೇಲೆ ಬರೆಯುವವರಿಗೆ ಷೆಡ್ಡಿನ ತುದಿಯ ಆ ಸಣ್ಣ ಕೋಣೆ ನೆನಪಾದರೂ ಆದೀತೇ? ಅದೂ ಬೇಡ. ನಮ್ಮದೇ ಲೆಕ್ಕ, ನಮ್ಮದೇ ಜನ, ಏನಾದರೂ ಆದರೆ ಸರಿಪಡಿಸಿಕೊಳ್ಳಲು ಮೂರು ತಿಂಗಳು. ಮೂರರಲ್ಲಿ ಮೆತ್ತಗಿನದು ಇದೇ ಎಂದು ಅವನಿಗೆ ತೋರಿತು. ಜನ್ಮದಲ್ಲಿ ಸಭೆಯಲ್ಲಿ ಬಾಯಿ ತೆರೆಯದವನು ಎದ್ದು ನಿಂತ.

“ಮೇಡಂ, ಬೇರೆಯವರ ಅಳತೆಪಟ್ಟಿ ನಮಗ್ಯಾಕೆ? ಈ ಜಾಗ ಹೇಗಿದೆ ಅಂತ ಈ ಜಾಗದ ಚೀಟಿಗಳೇ ಹೇಳ್ತವೆ. ಅವುಗಳ ಮಾತು ಕೇಳೋಣ.”

ಮೇಡಂ ಅವನನ್ನೇ ನೋಡಿದರು. “ಚೆನ್ನಾಗಿ ಹೇಳಿದ್ರಿ” ಎಂದರು. ಉಳಿದವರೂ ತಲೆಯಾಡಿಸಿದರು. ಅಂಕಪಟ್ಟಿಯೇ ನಿಶ್ಚಯವಾಯಿತು. ಅವತ್ತು ಸಂಜೆ ಚೀಟಿಯಪ್ಪ ಎರಡು ಸಲ ಬಡಿಸಿಕೊಂಡು ಉಂಡ. ಏನು ವಿಶೇಷ ಎಂದು ಅಕ್ಕ ಕೇಳಿದ್ದಕ್ಕೆ, ಏನಿಲ್ಲ, ಹಸಿವು ಎಂದ. ಪಾಪ, ಅವನ ಬದುಕಿನಲ್ಲಿ ಅಷ್ಟು ಹಗುರಾಗಿ ಮಲಗಿದ ರಾತ್ರಿ ಇನ್ನೊಂದು ಬರಲಿಲ್ಲ.

ಅಂಕಗಳು ಬಂದವು. ಟೂಲ್ ರೂಮಿನದು ಎಲ್ಲಕ್ಕಿಂತ ಕೆಳಗೆ. ಕಾರಣ ಹುಡುಕಲು ಎಲ್ಲೂ ಹೋಗಬೇಕಿರಲಿಲ್ಲ. ಬೇರೆ ವಿಭಾಗಗಳಿಗೆ ಕೆಂಪು ಚೀಟಿ ಕಳಂಕ. ಟೂಲ್ ರೂಮಿಗೆ ಮಾತ್ರ ಅದೇ ದುಡಿಮೆಯ ಗುರುತು. ಆ ಗುರುತನ್ನು ವರ್ಷಗಟ್ಟಲೆ ಅಳಿಸಿಹಾಕಿದವನು ಚೀಟಿಯಪ್ಪನೇ. ಖಾಲಿ ಚೀಟಿಗಳನ್ನು ಅಂಕಪಟ್ಟಿ ಖಾಲಿ ಎಂದೇ ಓದಿತ್ತು.

ಅವನು ಮೇಡಂ ಹತ್ತಿರ ಹೋಗಿ ಇದ್ದದ್ದನ್ನೆಲ್ಲ ಹೇಳಿಬಿಟ್ಟ. ಅವರು ಬೈಯಲಿಲ್ಲ. “ಹಾಗಿದ್ರೆ ಒಳ್ಳೇದೇ ಆಯ್ತಲ್ಲ. ಮೂರು ತಿಂಗಳಿದೆ. ಇನ್ಮೇಲೆ ಎಲ್ಲದಕ್ಕೂ ಚೀಟಿ ಬರೀರಿ. ಇರೋ ಕೆಲಸ ಕಾಣಿಸಿದ್ರೆ ಆ ಕೋಣೆನ ಮುಟ್ಟೋ ಪ್ರಶ್ನೆನೇ ಇಲ್ಲ. ಆದ್ರೆ ಕೊನೆಗೆ ಏನು ತೀರ್ಮಾನ ಆಗಬಹುದು ಅನ್ನೋದನ್ನ ಮಾತ್ರ ಹೊರಗೆ ಆಡಬೇಡಿ. ಗಾಳಿಸುದ್ದಿ ಹಬ್ಬಿದ್ರೆ ಯಾರೂ ನೆಮ್ಮದಿಯಾಗಿ ಕೆಲಸ ಮಾಡಲ್ಲ.” ನ್ಯಾಯವಾದ ಮಾತು. ಅವನು ಒಪ್ಪಿಕೊಂಡ.

ಸೂಚನಾಫಲಕದ ಮೇಲೆ ಕಾಗದ ಬಿತ್ತು: ಟೂಲ್ ರೂಮಿನ ಚೀಟಿಗಳನ್ನು ಮೂರು ತಿಂಗಳು ಪರಿಶೀಲಿಸಲಾಗುವುದು. ಚೀಟಿಯಪ್ಪ ತಾನೇ ಯಂತ್ರದಿಂದ ಯಂತ್ರಕ್ಕೆ ಹೋಗಿ, “ಭಾವನ ಹತ್ರ ಏನು ತಗೊಂಡು ಹೋದ್ರೂ ಚೀಟಿ ಬರೆಸ್ಕೊಂಡು ಹೋಗಿ” ಎಂದು ಹೇಳಿಬಂದ. ಎಲ್ಲರೂ ಹೂಂಗುಟ್ಟಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ಅವನೂ ಹೇಳಲಿಲ್ಲ.

ಮಾರನೆಯ ದಿನದಿಂದಲೇ ಟೂಲ್ ರೂಮಿಗೆ ಬರುವವರು ಕಡಿಮೆಯಾದರು. ವಾರದೊಳಗೆ ನಿಂತೇಹೋಯಿತು.

ಭಾವ ಬೆಳಗ್ಗೆ ಬಂದು ಚಕ್ರ ತಿರುಗಿಸಿ ನೋಡಿ ನಿಲ್ಲಿಸುತ್ತಿದ್ದರು. ಅರಗಳನ್ನು ಇಳಿಸಿ, ಒರೆಸಿ, ಮತ್ತೆ ಅದೇ ಜಾಗಕ್ಕೆ ನೇತುಹಾಕುತ್ತಿದ್ದರು. ಚಹಾದ ಹೊತ್ತಿಗೆ ಬಾಗಿಲಿಗೆ ಬಂದು ಷೆಡ್ಡಿನ ಆ ತುದಿಯವರೆಗೆ ಕಣ್ಣು ಹಾಯಿಸುತ್ತಿದ್ದರು. ಚೀಟಿಯಪ್ಪ ತಡೆಯಲಾರದೆ ಹೇಳಿದ: “ಭಾವ, ನೀವೇ ಒಂದು ಮಾತು ಹೇಳಿ ಕಳಿಸಿ. ಏನಾದ್ರೂ ತಗೊಂಡು ಬನ್ನಿ ಅಂತ.”

“ಕೆಟ್ಟದ್ದು ಅದಾಗೇ ಬರಬೇಕು ಕಣೋ. ಕರೆದು ತರಿಸಿದ್ರೆ ಅದು ಕೆಲಸ ಅಲ್ಲ, ಭಿಕ್ಷೆ” ಎಂದರು ಭಾವ. ಆಮೇಲೆ, “ಎಲ್ಲರ ಕೈಯೂ ಚೆನ್ನಾಗಿ ಪಳಗಿದೆ ಅನ್ಸತ್ತೆ, ಯಾರೂ ಏನೂ ಮುರೀತಿಲ್ಲ. ಒಳ್ಳೇದೇ” ಎಂದರು. ಆ ‘ಒಳ್ಳೇದೇ’ ಕೇಳಿ ಚೀಟಿಯಪ್ಪ ಹೊರಗೆ ಬಂದುಬಿಟ್ಟ.

ಅವನಿಗೆ ಜನರ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಈ ಮನುಷ್ಯನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡವರು, ಒಂದು ಚೀಟಿಗೆ ಹೆದರಿ ಬಿಟ್ಟುಹೋದರಲ್ಲ! ಸ್ಟೋರಿನಿಂದ ಹೊಸ ಬಿಟ್ಟುಗಳು ಖರ್ಚಾಗುತ್ತಿದ್ದವು, ಯಂತ್ರಗಳು ಕಿರ್ರೆಂದು ಅರಚುತ್ತಿದ್ದವು, ಭಾವನ ಕೋಣೆಯತ್ತ ಮಾತ್ರ ಒಂದು ನರಪಿಳ್ಳೆ ಇಲ್ಲ. ಚಹಾದ ಹೊತ್ತಿನಲ್ಲಿ ಅವನು ಯಾರ ಜೊತೆಗೂ ನಿಲ್ಲುವುದನ್ನು ಬಿಟ್ಟ. ಒಂದು ದಿನ ಡ್ರಿಲ್ಲಮ್ಮ ಎದುರು ಸಿಕ್ಕಾಗ ಕೇಳಿಯೇಬಿಟ್ಟ: “ಯಾಕೆ, ಭಾವನ ಕೋಣೆಯ ದಾರಿ ಮರೆತುಹೋಯ್ತಾ?”

ಡ್ರಿಲ್ಲಮ್ಮ ಆಚೀಚೆ ನೋಡಿ, ದನಿ ತಗ್ಗಿಸಿ, “ನೀವು ಚಿಂತೆ ಮಾಡ್ಬೇಡಿ ಚೀಟಿಯಪ್ಪ. ನಾವೆಲ್ಲ ಇದೀವಲ್ಲ” ಎಂದು ಕಣ್ಣು ಮಿಟುಕಿಸಿದಳು. ಇವನಿಗೆ ಮೈಯೆಲ್ಲ ಉರಿಯಿತು. ಇದ್ದು ಏನು ಭಾಗ್ಯ ಎಂದುಕೊಂಡು ಮುಖ ತಿರುಗಿಸಿ ನಡೆದ. ಒಂದು ನಿಮಿಷ ನಿಂತು, ಏನು ಹಾಗೆಂದರೆ ಎಂದು ಕೇಳಿದ್ದರೆ! ಕೇಳಲಿಲ್ಲ.

ಮೂರು ತಿಂಗಳು ಮುಗಿದ ದಿನ ಮಧ್ಯಾಹ್ನ ಸಮಿತಿ ಸೇರಿತು. ಟೂಲ್ ರೂಮಿನ ಹೆಸರಿನ ಮುಂದೆ ಬಿದ್ದ ಕೆಂಪು ಚೀಟಿಗಳು ಒಂದು ಕೈಯ ಬೆರಳುಗಳಿಗೂ ಸಾಲದಷ್ಟು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಚೀಟಿಯಿಲ್ಲದೆ ನಡೆಯೋ ಕೆಲಸ ಬಹಳ ಇದೆ ಅಂದಿದ್ರಿ. ನಾನೂ ನಂಬಿದ್ದೆ. ಎಲ್ಲಿ?”

“ಜನ ಬರಲಿಲ್ಲ ಮೇಡಂ” ಎಂದ ಚೀಟಿಯಪ್ಪ. ಅವರು ಇನ್ನೂ ಏನಾದರೂ ಹೇಳುತ್ತಾನೇನೋ ಎಂದು ಕಾದರು. ಟೂಲ್ ರೂಮ್ ಮುಚ್ಚಿ ಸಾಣೆಯ ಕೆಲಸ ಹೊರಗೆ ಕೊಡುವುದು, ಅಲ್ಲಿರುವ ಹಿರಿಯರಿಗೆ ಬರಬೇಕಾದ್ದನ್ನೆಲ್ಲ ಕೊಟ್ಟು ಗೌರವದಿಂದ ಕಳಿಸುವುದು ಎಂದು ತೀರ್ಮಾನವಾಯಿತು. ಸಮಿತಿಯ ಎಲ್ಲರೂ ಸಹಿ ಮಾಡಿದರು. ಚೀಟಿಯಪ್ಪನೂ ಮಾಡಿದ. ವಿಷಯವನ್ನು ತಾನೇ ತಿಳಿಸುತ್ತೇನೆಂದು ಆದೇಶದ ಕಾಗದ ಕೇಳಿ ಇಸಿದುಕೊಂಡ. ಮನೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಊಟ ಮಾಡುವಾಗ ಹೇಳಬೇಕೆಂದು ಬಾಯಿ ತೆರೆದ. ಭಾವ ಅವನ ತಟ್ಟೆ ಕಡೆ ನೋಡಿ, “ಇವನಿಗೆ ಇನ್ನೊಂದು ಸ್ವಲ್ಪ ಹಾಕು” ಎಂದು ಅಕ್ಕನಿಗೆ ಹೇಳಿದರು. ಹೇಗೆ ಹೇಳುವುದು? ಸುಮ್ಮನೆ ಉಂಡ.

ಮರುದಿನ ಬೆಳಗ್ಗೆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಟೂಲ್ ರೂಮಿನ ಕಡೆ ಹೊರಟವನು ಷೆಡ್ಡಿನ ನಡುವೆಯೇ ನಿಂತುಬಿಟ್ಟ.

ಭಾವನ ಬಾಗಿಲಿಂದ ಷೆಡ್ಡಿನ ಅರ್ಧದವರೆಗೆ ಸಾಲು. ಒಬ್ಬರ ಕೈಯಲ್ಲಿ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಬಕೆಟ್, ಮತ್ತೊಬ್ಬರು ಹಳೇ ಅಂಗಿಯಲ್ಲಿ ಕಟ್ಟಿದ ಗಂಟು. ಎಲ್ಲದರಲ್ಲೂ ಮೊಂಡು ಬಿಟ್ಟು, ಮುರಿದ ಕಟರು, ಸವೆದ ಹಿಡಿಕೆ. ಎಲ್ಲರ ಮುಖದಲ್ಲೂ ನಗು. ಒಬ್ಬರನ್ನೊಬ್ಬರು ತಳ್ಳಿಕೊಂಡು, ತಮಾಷೆ ಮಾಡಿಕೊಂಡು ನಿಂತಿದ್ದರು. ಎಲ್ಲರ ಮುಂದೆ ಡ್ರಿಲ್ಲಮ್ಮ, ಸೊಂಟದ ಮೇಲೆ ತುಂಬಿದ ಡಬ್ಬಿ.

“ಏನಿದು?” ಎಂದ ಚೀಟಿಯಪ್ಪ.

“ಏನಿದು ಅಂದ್ರೆ? ನಿನ್ನೆಗೆ ಮೂರು ತಿಂಗಳು ಮುಗೀತಲ್ಲ!” ಡ್ರಿಲ್ಲಮ್ಮನ ಮುಖ ಅರಳಿತ್ತು. “ಭಾವನ ಕೋಣೆ ಮೇಲೆ ಕಣ್ಣಿಟ್ಟಿದಾರೆ, ಹೋದೋರಿಗೆಲ್ಲ ಕೆಂಪು ಚೀಟಿ ಅಂತ ನೀವೇ ಹೇಳಿದ್ರಲ್ಲ. ಅವತ್ತೇ ಎಲ್ಲರೂ ಮಾತಾಡ್ಕೊಂಡ್ವಿ. ನಮ್ಮ ಹೆಸರು ಕೆಡಬಾರದು ಅಂತ ಈ ಮನುಷ್ಯ ಇಷ್ಟು ವರ್ಷ ಕಾಪಾಡಿದ್ರು. ಈಗ ಕೆಂಪು ಚೀಟಿ ರಾಶಿ ಹಾಕಿ ಅವರ ಕೋಣೆ ಹೆಸರು ನಾವು ಕೆಡಿಸೋದಾ? ಎಲ್ಲಾನೂ ಯಂತ್ರದ ಕೆಳಗೇ ಬಚ್ಚಿಟ್ವಿ. ಒಂದಿಬ್ಬರು ತಿಳೀದೆ ತಂದ್ರು, ಅವರಿಗೂ ಬಾಯಿಗೆ ಬಂದ ಹಾಗೆ ಬೈದೆ. ಮೊಂಡು ಬಿಟ್ಟಿನಲ್ಲಿ ಒತ್ತಿ ಒತ್ತಿ ರಟ್ಟೆ ಬಾತು ಹೋಗಿದೆ ನೋಡಿ. ಹೋಗಲಿ ಬಿಡಿ, ಭಾವ ಗೆದ್ದರಲ್ಲ!”

ಚೀಟಿಯಪ್ಪ ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಕರಗಿ ಕಣ್ಣಿಗೆ ಬಂತು. ಒಂದು ಮಾತು, ಚೀಟಿ ಬಿದ್ದರೆ ಭಾವ ಉಳಿಯುತ್ತಾರೆ ಎಂಬ ಒಂದೇ ಒಂದು ಮಾತು ಇವಳ ಕಿವಿಯಲ್ಲಿ ಹೇಳಿದ್ದರೆ, ಇದೇ ಸಾಲು ದಿನಾ ಇಲ್ಲಿ ನಿಲ್ಲುತ್ತಿತ್ತು. ಮೇಡಂಗೆ ಕೊಟ್ಟ ಮಾತು ಉಳಿಸಿಕೊಂಡಿದ್ದ. ಅಕ್ಕನಿಗೆ ಕೊಟ್ಟ ಮಾತು?

ಒಳಗಿನಿಂದ ಸಾಣೆಚಕ್ರದ ಸದ್ದು ಬಂತು. ಭಾವನ ದನಿಯೂ ಬಂತು: “ನಿಂತ್ಕೋ, ಈಗಲೇ ಆಗತ್ತೆ.”

ಅವನು ಹುಚ್ಚು ಹಿಡಿದವನ ಹಾಗೆ ಕೆಂಪು ಚೀಟಿ ಬರೆಯತೊಡಗಿದ. ಸಾಲಿನಲ್ಲಿದ್ದವರು, ಇದೇನು ಚೀಟಿಯಪ್ಪ, ಮುಗೀತಲ್ಲ ಎಂದು ನಕ್ಕರು. ಕೈಸೋಲುವಷ್ಟು ಬರೆದು, ಕಟ್ಟನ್ನು ಎದೆಗೊತ್ತಿಕೊಂಡು ಮೇಲಿನ ಮಹಡಿಗೆ ಓಡಿದ. ಮೇಡಂ ಅವನ ಮಾತನ್ನೆಲ್ಲ ಕೇಳಿದರು, ಚೀಟಿಗಳನ್ನೂ ತಿರುವಿ ನೋಡಿದರು. ಎಲ್ಲವೂ ಒಂದೇ ಕೈಬರಹ, ಎಲ್ಲವೂ ಒಂದೇ ಬೆಳಗಿನವು, ತೀರ್ಮಾನದ ಮರುದಿನದವು.

“ಅವರು ನಿಮ್ಮ ಅಕ್ಕನ ಗಂಡ ಅಂತ ನನಗೆ ಗೊತ್ತು. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ನಾನೂ ಹೀಗೇ ಮಾಡ್ತಿದ್ದೆನೋ ಏನೋ” ಎಂದರು ಮೆಲ್ಲಗೆ. “ಈ ಚೀಟಿಗಳನ್ನ ನಾನು ನೋಡಲಿಲ್ಲ ಅಂದ್ಕೋತೀನಿ. ತಗೊಂಡು ಹೋಗಿ.”

ಬೈದಿದ್ದರೆ ವಾದಿಸಬಹುದಿತ್ತು. ಕನಿಕರಕ್ಕೆ ಏನು ಉತ್ತರ ಕೊಡುವುದು? ಅವನು ಹುಟ್ಟಿದಾಗಿನಿಂದ ಬರೆದ ಚೀಟಿಗಳಲ್ಲಿ ಅಷ್ಟು ನಿಜವಾದವು ಬೇರೆ ಇರಲಿಲ್ಲ. ಅವನ್ನೇ ಸುಳ್ಳೆಂದು ಮಡಚಿ ಕೈಗೆ ಕೊಟ್ಟರು.

ಭಾವ ಅವತ್ತು ಊಟಕ್ಕೂ ಏಳಲಿಲ್ಲ. ತಂದವರಿಗೆಲ್ಲ ಸರಿಮಾಡಿ ಕೊಟ್ಟರು. ಕೊನೆಯವರು ಹೋದ ಮೇಲೆ, ಕೈಯ ಕಪ್ಪು ಒರೆಸಿಕೊಳ್ಳುತ್ತ, “ಎಷ್ಟು ದಿನ ಆಗಿತ್ತು ಕಣೋ ಹೀಗೆ ಸೊಂಟ ನೋವು ಬಂದು” ಎಂದು ನಕ್ಕರು. ಆಗ ಚೀಟಿಯಪ್ಪ ಜೇಬಿನಿಂದ ಕಾಗದ ತೆಗೆದು ಕೊಟ್ಟ. ಭಾವ ಕನ್ನಡಕ ಇಳಿಸಿ ಓದಿದರು. ಅಂಕಪಟ್ಟಿ ಎಂಬ ಮಾತಿನ ಮೇಲೆ ಬೆರಳಿಟ್ಟು ಕೇಳಿದರು: “ಇದನ್ನ ಯಾರು ಆರಿಸಿದ್ದು?”

“ನಾನೇ ಭಾವ.”

ಭಾವ ಕಾಗದ ಮಡಚಿದರು. “ನೀನು ಅಂದ್ರೆ ಯೋಚನೆ ಮಾಡೇ ಆರಿಸಿರ್ತೀಯ” ಎಂದರು. ಚುಚ್ಚಿ ಹೇಳಿದ ಮಾತಲ್ಲ. ನಂಬಿ ಹೇಳಿದ್ದು. ಆಮೇಲೆ ಚಕ್ರದ ಸ್ವಿಚ್ಚು ಆರಿಸಿ, ಅದು ತಿರುಗಿ ತಿರುಗಿ ತಾನೇ ನಿಲ್ಲುವವರೆಗೂ ನೋಡುತ್ತ ನಿಂತರು.

ಈಗ ಭಾವ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಾರೆ, ಎರಡೂ ಕೈ ಮೊಣಕಾಲ ಮೇಲೆ. ಮಾತು ಕಡಿಮೆಯಾಯಿತು. ಊಟವೂ ಕಡಿಮೆಯಾಗುತ್ತಿದೆ. ಅಕ್ಕ ತಮ್ಮನಿಗೆ ಏನೂ ಅನ್ನುವುದಿಲ್ಲ. ಮೊದಲಿನಂತೆಯೇ ಬಡಿಸುತ್ತಾಳೆ, ಮೊದಲಿನಂತೆ ಮುಖ ನೋಡುವುದಿಲ್ಲ, ಅಷ್ಟೆ. ಡ್ರಿಲ್ಲಮ್ಮ ಒಂದು ಭಾನುವಾರ ಬಂದು ಭಾವನ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಭಾವ ಅವಳ ರಟ್ಟೆ ಹೇಗಿದೆ ಎಂದು ಕೇಳಿದರು.

ಮೊನ್ನೆ ಸಂಜೆ ಚೀಟಿಯಪ್ಪ ಕೆಲಸದಿಂದ ಬಂದಾಗ ಅಕ್ಕ ಅಡುಗೆಮನೆಯ ಹಿಂದೆ ಬಗ್ಗಿ ಏನೋ ಮಾಡುತ್ತಿದ್ದಳು. ನೋಡಿದರೆ, ಬಟ್ಟೆ ಕತ್ತರಿಸುವ ಕತ್ತರಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಮೊಂಡು ಮಾಡುತ್ತಿದ್ದಾಳೆ. ಅವನನ್ನು ಕಂಡು ನಾಚಿಕೊಳ್ಳಲಿಲ್ಲ. ಕತ್ತರಿಯನ್ನು ಅವನ ಕೈಗೆ ತುರುಕಿ, “ಹೋಗು, ಕೊಡು. ನಾನು ಕೊಟ್ಟಿದ್ದು ಅನ್ಬೇಡ” ಎಂದಳು.

ಅವನು ಮೆಟ್ಟಿಲಿಗೆ ಹೋಗಿ ಭಾವನ ಪಕ್ಕ ಕೂತ. “ಭಾವ, ಇದು ಮೊಂಡಾಗಿದೆ. ಸ್ವಲ್ಪ ನೋಡಿ.”

ಭಾವ ಕತ್ತರಿ ಇಸಿದುಕೊಂಡರು. ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ಅಂಚು ಸವರಿದರು. ಚೀಟಿಯಪ್ಪನಿಗೆ ಉಸಿರು ಬಂತು. ಆಗ ಭಾವ ಕೈಚಾಚಿದರು.

“ಚೀಟಿ?”

ತಮಾಷೆಯಿರಬೇಕೆಂದು ಅವನು ನಗಲು ಹೋದ. ಭಾವನ ಮುಖದಲ್ಲಿ ತಮಾಷೆ ಇರಲಿಲ್ಲ. “ಚೀಟಿ ಇಲ್ದೆ ಮಾಡಿದ್ದು ಕೆಲಸ ಅಲ್ವಂತೆ. ಬರ್ಕೊಂಡು ಬಾ” ಎಂದರು.

ಅವನ ಚೀಲದಲ್ಲಿ ಇನ್ನೂ ಆ ಬೆಳಗಿನ ಕಟ್ಟು ಉಳಿದಿತ್ತು, ಅದರ ಕೆಳಗೆ ಬರೆಯದ ನಾಲ್ಕಾರು ಕೆಂಪು ಚೀಟಿ. ಒಂದನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬರೆದ. ವಸ್ತು: ಕತ್ತರಿ. ಕೆಲಸ: ಸಾಣೆ. ತಪ್ಪು ಯಾರದು ಎಂಬಲ್ಲಿ ಪೆನ್ನು ನಿಂತಿತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬರೆಯದ ತನ್ನ ಹೆಸರನ್ನು ಪೂರ್ತಿಯಾಗಿ ಬರೆದು ಭಾವನ ಕೈಗೆ ಕೊಟ್ಟ.

ಭಾವ ಓದಿದರು. ಕೊನೆಯ ಸಾಲಿಗೆ ಬಂದಾಗ ಬಹಳ ಹೊತ್ತು ನೋಡುತ್ತ ಕೂತರು. ಹರಿದು ಹಾಕು ಎನ್ನುತ್ತಾರೇನೋ ಎಂದು ಅವನು ಕಾದ. ಒಮ್ಮೆ ಅಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬಾಗಿಲ ಹಿಂದೆ ಅಕ್ಕನೂ ಕಾಯುತ್ತಿದ್ದಳು.

ಭಾವ ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕತ್ತರಿಯನ್ನು ಪಕ್ಕಕ್ಕಿಟ್ಟು, ಕೈಗಳನ್ನು ಮತ್ತೆ ಮೊಣಕಾಲ ಮೇಲಿಟ್ಟುಕೊಂಡರು.

“ನಾಳೆ ಬಾ” ಎಂದರು.